ಒಂದೇ ಸೋಸುಕಾಗದ, ಎರಡು ಶಾಸ್ತ್ರ: ನನ್ನ ಪ್ರಕಟಣೆಗಳ ಪಟ್ಟಿಯನ್ನು ಸರಿಪಡಿಸಿಕೊಂಡ ಬಗೆ

ಯೂರಾಲಜಿಯಲ್ಲಿ, ಅಂದರೆ ಮೂತ್ರಾಂಗಗಳ ವೈದ್ಯಶಾಸ್ತ್ರದಲ್ಲಿ, ಶಸ್ತ್ರವೈದ್ಯನಾಗಿ ತರಬೇತಿ ಪಡೆದು, ಅನಂತರ ವರ್ತನಾ ನರವಿಜ್ಞಾನದ ಪ್ರಯೋಗಾಲಯವೊಂದರಲ್ಲಿ ಇಲಿಗಳ ಜೊತೆ ಕೆಲವು ವರ್ಷ ಕಳೆದ ನಾನು, ಅನುದಾನದ ಅರ್ಜಿಯೊಂದಕ್ಕಾಗಿ ಪ್ರಕಟಣೆಗಳ ಪಟ್ಟಿಯನ್ನು ಸಲ್ಲಿಸಿದಾಗ, ಇದು ಇಬ್ಬರು ಬೇರೆ ಬೇರೆ ವ್ಯಕ್ತಿಗಳ ಪಟ್ಟಿಯಂತೆ ಕಾಣುತ್ತದೆ ಎಂದು ಪರಿಶೀಲಕರೊಬ್ಬರು ಷರಾ ಬರೆದಿದ್ದರು. ಮೊದಲು ಸಿಟ್ಟು ಬಂತು. ವೈದ್ಯಕೀಯ ಪ್ರಬಂಧಗಳ ಅಂತರ್ಜಾಲ ಸೂಚಿಯಾದ ಪಬ್‌ಮೆಡ್‌ನಲ್ಲಿ ನನ್ನನ್ನು ನಾನೇ ಹುಡುಕಿದ ಮೇಲೆ ಅವರು ಉದಾರವಾಗಿಯೇ ಬರೆದಿದ್ದರೆಂದು ತಿಳಿಯಿತು. ಅಲ್ಲಿ ನಾನು ಇಬ್ಬರಲ್ಲ, ಮೂವರಾಗಿದ್ದೆ.

ಇದಕ್ಕೆ ಕಾರಣ ನಮ್ಮ ಕಡೆಯ ಹೆಸರಿಡುವ ಪದ್ಧತಿ. ಊರಿನ ಹೆಸರಿಗೊಂದು, ತಂದೆಯ ಹೆಸರಿಗೊಂದು ಇನಿಷಿಯಲ್ ಇಟ್ಟುಕೊಂಡು ಕೊನೆಯಲ್ಲಿ ನಮ್ಮ ಹೆಸರು ಬರೆಯುವವರಿಗೆ ಕುಲನಾಮವೆಂಬುದೇ ಇರುವುದಿಲ್ಲ. ಒಂದು ಪತ್ರಿಕೆ ನನ್ನ ಹೆಸರನ್ನೇ ಕುಲನಾಮವೆಂದು ಭಾವಿಸಿತು, ಇನ್ನೊಂದು ಊರನ್ನು, ಮತ್ತೊಂದು ತಂದೆಯವರ ಹೆಸರನ್ನು. ನಿವೃತ್ತ ಶಾಲಾ ಶಿಕ್ಷಕರಾದ ನಮ್ಮ ತಂದೆಯವರು ಹೀಗೆ ಇಲಿಯ ಮೂತ್ರಕೋಶದ ಬಗ್ಗೆ ಬರೆದ ಲೇಖಕರಾದರು. ಸಂಶೋಧಕರನ್ನು ಹೆಸರಿನ ಗೊಂದಲವಿಲ್ಲದೆ ಗುರುತಿಸಲೆಂದು 2012ರಲ್ಲಿ ಆರಂಭವಾದ ಓರ್ಕಿಡ್ (ORCID) ವ್ಯವಸ್ಥೆಯ 16 ಅಂಕಿಗಳ ಗುರುತುಸಂಖ್ಯೆಯನ್ನು ಪಡೆದು, ಚದುರಿದ್ದ ಪ್ರಬಂಧಗಳನ್ನು ಒಂದೊಂದಾಗಿ ಅದಕ್ಕೆ ಜೋಡಿಸಲು ನನಗೆ ಎರಡು ವಾರ ಹಿಡಿಯಿತು.

ಹೆಸರಿಗಿಂತ ವಿಷಯದ ತೊಡಕು ದೊಡ್ಡದಾಗಿತ್ತು. ಪಂಜರದ ತಳದಲ್ಲಿ ಸೋಸುಕಾಗದ ಹಾಸಿ, ಇಲಿಯನ್ನು ಕೆಲವು ಗಂಟೆ ಅಲ್ಲಿ ಬಿಟ್ಟು, ಆಮೇಲೆ ಕಾಗದವನ್ನು ನೇರಳಾತೀತ ಬೆಳಕಿಗೆ ಹಿಡಿದರೆ ಮೂತ್ರದ ಕಲೆಗಳು ಹೊಳೆಯುತ್ತವೆ. ಯೂರಾಲಜಿಯವರು ಆ ಕಲೆಗಳನ್ನು ಎಣಿಸಿ, ಅವುಗಳ ವಿಸ್ತೀರ್ಣವನ್ನು ಅಳೆದು, ಮೂತ್ರಕೋಶ ಎಷ್ಟು ಹಿಡಿದಿಟ್ಟುಕೊಳ್ಳುತ್ತದೆ, ಎಷ್ಟು ಸಲ ಬರಿದಾಗುತ್ತದೆ ಎಂದು ನಿರ್ಣಯಿಸುತ್ತಾರೆ. ವರ್ತನೆಯನ್ನು ಅಭ್ಯಸಿಸುವವರು ಅದೇ ಕಾಗದದಲ್ಲಿ ಯಾರು ಮೇಲು, ಯಾರು ಕೀಳು ಎಂಬುದನ್ನು ಓದುತ್ತಾರೆ. ಮೇಲುಗೈ ಪಡೆದ ಗಂಡಿಲಿ ಪಂಜರದ ತುಂಬ ಗುರುತು ಹಾಕುತ್ತದೆ, ಸೋತ ಇಲಿ ಕೆಲವೇ ಕಡೆ ಮೂತ್ರ ವಿಸರ್ಜಿಸುತ್ತದೆ ಎಂದು ಡೆಸ್ಜಾರ್ಡಿನ್ಸ್, ಮರುನಿಯಾಕ್ ಮತ್ತು ಬ್ರಾನ್ಸನ್ 1973ರಲ್ಲೇ ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿದ್ದರು. ಹತ್ತಾರು ಚಿಕ್ಕ ಕಲೆಗಳು ಕಂಡಾಗ ಅದು ಮೂತ್ರಕೋಶದ ಅತಿಚಟುವಟಿಕೆಯೋ ಗಂಡಿಲಿಯ ಠೀವಿಯೋ ಎಂಬುದನ್ನು ಕಾಗದ ತಾನಾಗಿ ಹೇಳದು. ನನ್ನ ಯೂರಾಲಜಿ ಪ್ರಬಂಧಗಳು ಮೊದಲನೆಯದನ್ನು, ನರವಿಜ್ಞಾನದ ಪ್ರಬಂಧಗಳು ಎರಡನೆಯದನ್ನು ಪ್ರಶ್ನಿಸದೆ ಒಪ್ಪಿಕೊಂಡಿದ್ದವು, ಮತ್ತು ನಾನೇ ಬರೆದ ಈ ಎರಡು ಗುಂಪುಗಳು ಒಂದನ್ನೊಂದು ಉಲ್ಲೇಖಿಸಿರಲೇ ಇಲ್ಲ. ಪರಿಶೀಲಕರ ಷರಾ ನಿಜವಾಗಿ ತಾಗಿದ್ದು ಇಲ್ಲಿ.

ಆದ್ದರಿಂದ ವಿಭಾಗವಾರು ವಿಂಗಡಣೆಯನ್ನು ಕೈಬಿಟ್ಟು, ಮೂತ್ರ ವಿಸರ್ಜಿಸುವ ಹೊತ್ತನ್ನೂ ಸ್ಥಳವನ್ನೂ ಮಿದುಳು ಹೇಗೆ ನಿರ್ಧರಿಸುತ್ತದೆ ಎಂಬ ಒಂದೇ ಪ್ರಶ್ನೆಯ ಸುತ್ತ ಪಟ್ಟಿಯನ್ನು ಮರುಜೋಡಿಸಿದೆ. ಪಟ್ಟಿಯ ತಲೆಯಲ್ಲಿ ಬರೆದ ಪುಟ್ಟ ಪೀಠಿಕೆಯನ್ನು ಬ್ಯಾರಿಂಗ್ಟನ್‌ರಿಂದ ಆರಂಭಿಸಿದೆ. ಮಿದುಳುಕಾಂಡದ ಒಂದು ಚಿಕ್ಕ ಭಾಗಕ್ಕೆ ಗಾಯವಾದರೆ ಬೆಕ್ಕುಗಳಲ್ಲಿ ಮೂತ್ರ ಕಟ್ಟಿಕೊಳ್ಳುತ್ತದೆಂದು 1925ರಲ್ಲಿ ವರದಿ ಮಾಡಿದ ಅವರು ಸ್ವತಃ ಯೂರಾಲಜಿಯ ಶಸ್ತ್ರವೈದ್ಯರು ಎಂಬುದು ನನಗೆ ಧೈರ್ಯ ಕೊಡುವ ಸಂಗತಿ. ಸಮ್ಮೇಳನಗಳಲ್ಲಿ ಮಂಡಿಸಿದ ಸಾರಲೇಖಗಳು ಪತ್ರಿಕೆಯ ಪುರವಣಿಯಲ್ಲಿ ಅಚ್ಚಾಗುತ್ತವೆಂಬ ಕಾರಣಕ್ಕೆ ಅವನ್ನೂ ಪ್ರಬಂಧಗಳೆಂದು ಲೆಕ್ಕ ಹಾಕಿದ್ದೆ. ಅವನ್ನು ಬೇರೆ ತಲೆಬರಹದ ಕೆಳಗೆ ಇಳಿಸಿದಾಗ ಪಟ್ಟಿ ಗಣನೀಯವಾಗಿ ಸೊರಗಿತು, ಒಂದು ದಿನ ಮನಸ್ಸೂ ಸೊರಗಿತು. ಇಲಿಗಳ ಮೂತ್ರಕೋಶಕ್ಕೆ ಸಣ್ಣ ಕೊಳವೆ ಅಳವಡಿಸಿದ್ದಷ್ಟೇ ನನ್ನ ಪಾಲಾಗಿದ್ದ ಪ್ರಬಂಧಗಳಲ್ಲಿ, ಲೇಖಕರಲ್ಲಿ ಯಾರು ಯಾವ ಕೆಲಸ ಮಾಡಿದರೆಂದು ತಿಳಿಸುವ ‘ಕ್ರೆಡಿಟ್’ ಪದ್ಧತಿಯ 14 ಪಾತ್ರಗಳ ಪೈಕಿ ಯಾವುದು ನನ್ನದೆಂಬುದನ್ನು ಸ್ಪಷ್ಟವಾಗಿ ನಮೂದಿಸಿದೆ.

ಪ್ರಬಂಧಗಳನ್ನೂ ಅವುಗಳಿಗೆ ಸಿಕ್ಕ ಉಲ್ಲೇಖಗಳನ್ನೂ ಒಂದೇ ಅಂಕಿಯಲ್ಲಿ ಅಳೆಯುವ ಎಚ್-ಇಂಡೆಕ್ಸನ್ನು ಮಾತ್ರ ಬಿಟ್ಟುಬಿಟ್ಟೆ. ಉಲ್ಲೇಖಿಸುವ ರೂಢಿಯೇ ಬೇರೆ ಬೇರೆಯಾಗಿರುವ ಎರಡು ಶಾಸ್ತ್ರಗಳನ್ನು ಒಂದೇ ಅಂಕಿಯಲ್ಲಿ ಕೂಡಿಸುವುದು ಸೇರನ್ನೂ ಮೊಳವನ್ನೂ ಕೂಡಿಸಿದಂತೆ.

ಹೆಸರು ತಪ್ಪಾಗಿದ್ದ ಪ್ರಬಂಧಗಳಿಗಾಗಿ ಸಂಪಾದಕರಿಗೆ ಪತ್ರ ಬರೆದೆ. ಕೆಲವು ಸರಿಯಾದವು, ಒಂದು ಆಗಲಿಲ್ಲ. ವಿಷಯ ತಿಳಿಸಿದಾಗ ತಂದೆಯವರು ಅದರ ಒಂದು ಪ್ರತಿಯನ್ನು ಅಚ್ಚು ಹಾಕಿಸಿ ಕೊಡುವಂತೆ ಕೇಳಿದರು. ಪಟ್ಟಿಯಲ್ಲಿ ಅದರ ಪಕ್ಕ ನಕ್ಷತ್ರದ ಗುರುತು ಹಾಕಿ, ಲೇಖಕ ನಾನೇ ಎಂದು ಅಡಿಯಲ್ಲಿ ಒಂದು ಸಾಲು ಬರೆದಿದ್ದೇನೆ.