ಗೋವಾದಲ್ಲಿ ಬಾಡಿಗೆ ಥಾರ್: ನಾನು ಪಡೆದ ಬಗೆ

ಡಿಸೆಂಬರ್ ಸಂಜೆ ಕಲಂಗುಟ್ ರಸ್ತೆಯಲ್ಲಿ ನಿಂತರೆ ಟಾಪ್ ಬಿಚ್ಚಿದ ಥಾರ್‌ಗಳ, ಅಂದರೆ ಮಹೀಂದ್ರಾದ ಜೀಪಿನಂಥ ಗಾಡಿಗಳ, ಮೆರವಣಿಗೆಯೇ ಕಾಣುತ್ತದೆ. ಓಡಿಸುವವರಲ್ಲಿ ಹೆಚ್ಚಿನವರು ಹೊರಗಿನವರು, ಗಾಡಿಗಳೆಲ್ಲ ಬಾಡಿಗೆಯವು. ನನಗೂ ಅದರ ಮೇಲೆ ಕಣ್ಣಿತ್ತು. ಧಾರವಾಡದಿಂದ ನಮ್ಮದೇ ಕಾರು ತೆಗೆದುಕೊಂಡು ಹೋಗಬಹುದಿತ್ತು, ಆದರೆ ರೈಲಿನಲ್ಲೇ ಕೂತು ದೂಧಸಾಗರ ನೋಡಬೇಕೆಂದು ಅವ್ವ ಹಟ ಹಿಡಿದಳು. ಹೀಗಾಗಿ ವಾಸ್ಕೋದಲ್ಲಿರುವ ಅಕ್ಕನ ಮನೆಗೆ ರೈಲು, ಅಲ್ಲಿಂದ ಮುಂದೆ ಬಾಡಿಗೆ ಗಾಡಿ ಎಂದು ತೀರ್ಮಾನವಾಯಿತು.

ಭಾವ ಬಂದರಿನಲ್ಲಿ ಕೆಲಸ ಮಾಡುವವರು, ವಾಸ್ಕೋದ ಮೂಲೆ ಮೂಲೆ ಬಲ್ಲವರು. ನಾನು ಫೋನಿನಲ್ಲಿ ಬಾಡಿಗೆಯ ದರ ಹೇಳಲು ಶುರು ಮಾಡಿದ ಕೂಡಲೇ ಅವರು ತಡೆದರು. “ದರ ಆಮೇಲೆ ನೋಡೋಣ. ಮೊದಲು ನಂಬರ್ ಪ್ಲೇಟಿನ ಬಣ್ಣ ಯಾವುದು ಕೇಳು.” ಸ್ವತಃ ಓಡಿಸಲು ಕೊಡುವ ಪರವಾನಗಿ ಇರುವ ಗಾಡಿಗೆ ಕಪ್ಪು ಪ್ಲೇಟ್, ಹಳದಿ ಅಕ್ಷರ. ಹಳದಿ ಪ್ಲೇಟಿನಲ್ಲಿ ಕಪ್ಪು ಅಕ್ಷರವಿದ್ದರೆ ಅದು ಚಾಲಕನ ಸಮೇತ ಬರುವ ಟ್ಯಾಕ್ಸಿ. ಬಿಳಿ ಪ್ಲೇಟ್ ಎಂದರೆ ಖಾಸಗಿ ಗಾಡಿ, ಅದನ್ನು ಬಾಡಿಗೆಗೆ ಕೊಡುವುದು ಕಾನೂನುಬಾಹಿರ. ನನಗೆ ಅಗ್ಗದ ದರ ಹೇಳಿದಾತನ ಬಳಿ ಇದ್ದದ್ದು ಬಿಳಿ ಪ್ಲೇಟಿನ ಗಾಡಿ. “ಯಾರಾದರೂ ಕೇಳಿದರೆ ಸ್ನೇಹಿತನ ಗಾಡಿ ಅನ್ನಿ” ಎಂದು ಧೈರ್ಯವನ್ನೂ ಹೇಳಿದ. ದಾರಿಯಲ್ಲಿ ಅಪಘಾತವಾದರೆ ವಿಮೆಯವರು ಕೈ ಎತ್ತುತ್ತಾರೆ, ಆಗ ಆ ಸ್ನೇಹಿತ ಫೋನ್ ಎತ್ತುವುದಿಲ್ಲ.

ಕೊನೆಗೆ ಗಾಡಿ ಸಿಕ್ಕಿದ್ದು ಝುವಾರಿನಗರದ ಕಡೆಯ ಒಬ್ಬ ಗ್ಯಾರೇಜಿನವರ ಮೂಲಕ. ಬಾಗಲಕೋಟೆ ಜಿಲ್ಲೆಯಿಂದ ಬಂದು ನೆಲೆಸಿದವರು. ವಾಸ್ಕೋ ಸುತ್ತಮುತ್ತ ನಮ್ಮ ಉತ್ತರ ಕರ್ನಾಟಕದ ಮಂದಿ ಎಷ್ಟಿದ್ದಾರೆಂದರೆ ವ್ಯವಹಾರವೆಲ್ಲ ಕನ್ನಡದಲ್ಲೇ ಮುಗಿಯಿತು. ಗಾಡಿಯ ನಂಬರನ್ನು ವಾಹನಗಳ ದಾಖಲೆ ತೋರಿಸುವ ಸರ್ಕಾರಿ ಆ್ಯಪ್ ಎಂಪರಿವಾಹನ್‌ನಲ್ಲಿ ಹಾಕಿ ವಿಮೆ ಚಾಲ್ತಿಯಲ್ಲಿರುವುದನ್ನು ಖಚಿತಪಡಿಸಿಕೊಂಡ ಮೇಲೆಯೇ ಮುಂಗಡ ಕಳಿಸಿದೆ. ಬಾಡಿಗೆ ಸಣ್ಣ ಕಾರಿನ ದುಪ್ಪಟ್ಟು ಬಿತ್ತು. ವರ್ಷದ ಕೊನೆಯ ವಾರವಾಗಿದ್ದರೆ ಇನ್ನೂ ಏರುತ್ತಿತ್ತು ಎಂದರು.

ಇನ್ನು ಯಾವ ಥಾರ್ ಎಂಬ ಪ್ರಶ್ನೆ. ಎಲ್ಲವೂ ಒಂದೇ ಅಲ್ಲ. 2020ರಲ್ಲಿ ಬಂದ ಮೂರು ಬಾಗಿಲಿನ ಥಾರ್‌ನಲ್ಲಿ ಬಟ್ಟೆಯ ಟಾಪ್ ಬಿಚ್ಚುವಂಥದ್ದೂ ಇದೆ, ಗಟ್ಟಿ ಟಾಪಿನದೂ ಇದೆ. 2023ರಿಂದ ಹಿಂದಿನ ಚಕ್ರಕ್ಕೆ ಮಾತ್ರ ಶಕ್ತಿ ಹೋಗುವ ಅಗ್ಗದ ಮಾದರಿಯೂ ಸಿಗುತ್ತದೆ. 2024ರ ಆಗಸ್ಟಿನಲ್ಲಿ ಐದು ಬಾಗಿಲಿನ ಥಾರ್ ರಾಕ್ಸ್ ಬಂತು. ಬಾಡಿಗೆಯವರು ಎಲ್ಲಕ್ಕೂ ಥಾರ್ ಎಂದೇ ಹೇಳುತ್ತಾರೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಫೋರ್ ಬೈ ಫೋರ್‌ನ ದುಡ್ಡು ತೆಗೆದುಕೊಂಡು ಟು ವೀಲ್ ಡ್ರೈವ್ ಕೈಗಿಟ್ಟರೂ ಹೊಸಬರಿಗೆ ಗೊತ್ತಾಗುವುದಿಲ್ಲ. ಗೇರ್ ಲಿವರಿನ ಪಕ್ಕ ಇನ್ನೊಂದು ಗಿಡ್ಡ ಲಿವರ್ ಇದೆಯೇ ನೋಡಿ. ಇದ್ದರೆ ಫೋರ್ ಬೈ ಫೋರ್, ಇಲ್ಲದಿದ್ದರೆ ಇಲ್ಲ. ನಾನು ಗಟ್ಟಿ ಟಾಪಿನ, ಹಿಂಚಕ್ರದ ಡೀಸೆಲ್ ಗಾಡಿಯನ್ನೇ ಬೇಕೆಂದು ಕೇಳಿದೆ. ಬಟ್ಟೆಯ ಟಾಪಿನಲ್ಲಿ ಬಿಸಿಲೂ ಧೂಳೂ ಅವ್ವನ ಪಾಲಿಗೆ. ಗೋವಾದಲ್ಲಿ ನಾನು ಹೋಗಬೇಕಿದ್ದ ಕಡೆಗೆಲ್ಲ ಡಾಂಬರು ರಸ್ತೆ ಇದೆ, ಒಣ ಡಾಂಬರಿನ ಮೇಲೆ ಫೋರ್ ಬೈ ಫೋರ್ ಹಾಕಿ ಓಡಿಸುವುದು ಗಾಡಿಗೇ ಒಳ್ಳೆಯದಲ್ಲ.

ಗಾಡಿ ತಂದುಕೊಟ್ಟ ಹುಡುಗನಿಗೆ ಕೀಲಿ ಕೊಟ್ಟು ಹೊರಡುವ ಅವಸರ. ನಾನು ಅವನನ್ನು ನಿಲ್ಲಿಸಿಕೊಂಡು ಮೊಬೈಲಿನಲ್ಲಿ ಗಾಡಿಯ ಸುತ್ತ ವಿಡಿಯೊ ಮಾಡಿದೆ. ಮುಂದಿನ ಪ್ಲಾಸ್ಟಿಕ್ ಬಂಪರಿನ ಕೆಳಗಿನ ಅಂಚು, ಕಾಲಿಟ್ಟು ಹತ್ತುವ ಮೆಟ್ಟಿಲು, ನಾಲ್ಕು ಚಕ್ರಗಳ ರಿಮ್, ಹಿಂಬಾಗಿಲಿಗೆ ನೇತುಹಾಕಿದ ಸ್ಟೆಪ್ನಿ, ಎಲ್ಲವೂ ಅದರಲ್ಲಿ ಬಂತು. ಎಡಗಡೆಯ ಮೆಟ್ಟಿಲಿನ ಅಡಿಯಲ್ಲಿ ಬೆರಳುದ್ದದ ತಗ್ಗು ಇತ್ತು, ಬಗ್ಗಿ ನೋಡದಿದ್ದರೆ ಕಾಣದು. ಅದನ್ನು ಅವನ ಕೈಯಿಂದಲೇ ತೋರಿಸಿ ವಿಡಿಯೊದಲ್ಲಿ ಹೇಳಿಸಿದೆ. ಡೀಸೆಲ್ ಮುಳ್ಳು ಎಲ್ಲಿದೆ, ಎಷ್ಟು ಕಿಲೋಮೀಟರ್ ಓಡಿದೆ, ಅದೂ ದಾಖಲಾಯಿತು. ಮೂಲ ಆಧಾರ್ ಕಾರ್ಡ್ ಇಟ್ಟುಕೊಳ್ಳುತ್ತೇನೆ ಎಂದ. ಕೊಡಲಿಲ್ಲ, ಪ್ರತಿ ಕೊಟ್ಟೆ. ಡಿಪಾಸಿಟ್ ನಗದಾಗಿ ಬೇಡವೆಂದು ಯುಪಿಐನಲ್ಲಿ ಕಳಿಸಿದೆ, ಲೆಕ್ಕ ಉಳಿಯಲಿ ಎಂದು. ಗಾಡಿ ಗೋವಾದ ಗಡಿ ದಾಟಬಾರದೆಂಬ ಷರತ್ತು ಚೀಟಿಯಲ್ಲಿತ್ತು. ಚೋರ್ಲಾ ಘಾಟಿನಿಂದ ಬೆಳಗಾವಿಗೆ ಒಂದು ಸುತ್ತು ಹಾಕಿ ಬರೋಣ ಎಂಬ ಯೋಚನೆ ಇರುವವರು ಮೊದಲೇ ಕೇಳಿಕೊಳ್ಳಬೇಕು.

ಓಡಿಸುವವನಿಗೆ ಥಾರ್ ನಿಜಕ್ಕೂ ಖುಷಿ. ಎತ್ತರದ ಸೀಟಿನಿಂದ ಗದ್ದೆಯ ಆಚೆಯ ಹಳ್ಳಿಯೂ ಕಾಣುತ್ತದೆ. ನೆಲದಿಂದ 226 ಮಿಲಿಮೀಟರ್ ಎತ್ತರವಿರುವುದರಿಂದ ಹಂಪು, ಗುಂಡಿಗಳಿಗೆ ಹೆದರಬೇಕಿಲ್ಲ. ಉದ್ದ ನಾಲ್ಕು ಮೀಟರಿಗಿಂತ ಕಡಿಮೆಯಾದ್ದರಿಂದ ಪಣಜಿಯ ಇಕ್ಕಟ್ಟಿನ ಓಣಿಗಳಲ್ಲೂ ತಿರುಗಿಸಬಹುದು. ಹಳೆ ಗೋವಾದಿಂದ ಫೆರಿಯಲ್ಲಿ ದಿವಾರ್ ದ್ವೀಪಕ್ಕೆ ಗಾಡಿ ಸಮೇತ ಹೋದಾಗ ಜೆಟ್ಟಿಯ ಇಳಿಜಾರಿನಲ್ಲಿ ಮುಂದಿದ್ದ ಸೆಡಾನ್ ಕಾರಿನ ಬಂಪರ್ ಕರ್ರೆಂದು ಕೆರೆಯಿತು. ನಮ್ಮದು ಆರಾಮವಾಗಿ ಇಳಿದು ಹತ್ತಿತು.

ಹಿಂದೆ ಕೂರುವವರ ಕಥೆಯೇ ಬೇರೆ. ಎಡಗಡೆಯ ಮುಂದಿನ ಸೀಟನ್ನು ಬಗ್ಗಿಸಿ ಮುಂದಕ್ಕೆ ತಳ್ಳಿ, ಆ ಸಂದಿಯಲ್ಲಿ ತೂರಿಕೊಂಡು ಹೋಗಬೇಕು. ಅರವತ್ತು ದಾಟಿದ ಅವ್ವನಿಗೆ ಇದು ಆಗದ ಮಾತು. ಅವಳನ್ನು ಮುಂದೆ ಕೂರಿಸಿದೆವು, ನನ್ನ ಹೆಂಡತಿ ಮಗನ ಜೊತೆ ಹಿಂದೆ ಹೋದಳು. ಹಿಂದಿನ ಗಾಜು ತೆರೆಯುವುದಿಲ್ಲ. ಇರುವುದು ಎರಡೇ ಸೀಟು, ಅವುಗಳ ಹಿಂದೆ ಒಂದೆರಡು ಕೈಚೀಲ ಹಿಡಿಯುವಷ್ಟೇ ಜಾಗ. ದೊಡ್ಡ ಸೂಟ್‌ಕೇಸುಗಳು ಅಕ್ಕನ ಮನೆಯಲ್ಲೇ ಉಳಿದವು. ವಿಮಾನ ನಿಲ್ದಾಣದಲ್ಲಿ ಇಳಿದು ಲಗೇಜಿನ ಸಮೇತ ನಾಲ್ವರು ಥಾರ್ ಹತ್ತುತ್ತೇವೆ ಎನ್ನುವವರು ಈ ಲೆಕ್ಕ ಹಾಕಿಯೇ ಬುಕ್ ಮಾಡಬೇಕು. ಉತ್ತರ ಗೋವಾದ ಮೋಪಾ ವಿಮಾನ ನಿಲ್ದಾಣದಲ್ಲಿ ಇಳಿದವರಿಗೆ ದಕ್ಷಿಣ ಗೋವಾ ಸಾಕಷ್ಟು ದೂರ, ಮಡಿಲಲ್ಲಿ ಚೀಲ ಇಟ್ಟುಕೊಂಡು ಹೋಗುವಷ್ಟು ಹತ್ತಿರವಲ್ಲ.

ನನ್ನ ದುಡ್ಡು ವಸೂಲಾದದ್ದು ತಾಂಬ್ಡಿ ಸುರ್ಲಾ ದಾರಿಯಲ್ಲಿ. ಫೋಂಡಾ ದಾಟಿ, ಮೊಲೆಂ ಕಡೆಯಿಂದ ಒಳಗೆ ತಿರುಗಿದರೆ ಕಾಡಿನ ನಡುವಿನ ರಸ್ತೆ, ಗಾಡಿಗಳು ವಿರಳ. ಕೊನೆಯಲ್ಲಿ ಹೊಳೆಯ ಪಕ್ಕ ಕದಂಬರ ಕಾಲದ ಕಪ್ಪು ಕಲ್ಲಿನ ಮಹಾದೇವ ದೇವಾಲಯ. ಮಂಟಪದಲ್ಲಿ ತಲೆ ಇಲ್ಲದ ನಂದಿ, ಕಂಬವೊಂದರ ಬುಡದಲ್ಲಿ ಕುದುರೆಯನ್ನು ತುಳಿಯುತ್ತಿರುವ ಆನೆ. ಗೋವಾದ ಸರ್ಕಾರಿ ಬಸ್ಸಿನ ಮೇಲೆ ಕದಂಬ ಎಂದು ಬರೆದಿರುವುದು ಏಕೆಂದು ಮಗ ದಾರಿಯುದ್ದಕ್ಕೂ ಕೇಳುತ್ತಿದ್ದ. ಉತ್ತರ ಅಲ್ಲಿ ಸಿಕ್ಕಿತು. ಅವ್ವ ಬರಿಗಾಲಲ್ಲಿ ಹೊಳೆಗೆ ಇಳಿದವಳು ಮೇಲೆ ಬರಲು ಒಪ್ಪಲಿಲ್ಲ.

ಕಡಲ ದಂಡೆಗೆ ಮಾತ್ರ ಗಾಡಿ ಇಳಿಸಲಿಲ್ಲ. ಗೋವಾದ ಬೀಚಿನ ಮೇಲೆ ವಾಹನ ಓಡಿಸುವುದಕ್ಕೆ ನಿಷೇಧವಿದೆ. ಸಿಕ್ಕಿಬಿದ್ದರೆ ದಂಡ, ಪೊಲೀಸ್ ಕೇಸು. ಹಿಂಚಕ್ರದ ಗಾಡಿ ಮರಳಿನಲ್ಲಿ ಹೂತರೆ ಎಳೆಯುವ ಖರ್ಚೂ ಉಪ್ಪುನೀರು ತಾಗಿದ ದುರಸ್ತಿಯೂ ಬಾಡಿಗೆ ಪಡೆದವನ ತಲೆಗೆ. ಪ್ರವಾಸಿಗರ ಥಾರ್ ಮರಳಿನಲ್ಲಿ ಸಿಕ್ಕಿಕೊಂಡ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ, ಓದುವಾಗ ನನಗೆ ಮರುಕವೇನೂ ಹುಟ್ಟುವುದಿಲ್ಲ.

ಹಿಂತಿರುಗಿಸುವಾಗ ಅದೇ ಹುಡುಗ ಬಂದ. ಮೆಟ್ಟಿಲಿನ ತಗ್ಗಿನ ಬಳಿ ಬಗ್ಗಿದ, ನನ್ನ ಮುಖ ನೋಡಿದ. ನಾನು ಮೊಬೈಲ್ ಹೊರತೆಗೆಯುವ ಮೊದಲೇ “ನೆನಪಿದೆ ಸರ್” ಎಂದು ನಕ್ಕ. ಡಿಪಾಸಿಟ್ ಅಂದೇ ರಾತ್ರಿ ಖಾತೆಗೆ ಬಂತು. ಮುಂದಿನ ಸಲ ಅವ್ವ ಜೊತೆಗಿದ್ದರೆ ರಾಕ್ಸ್ ಕೇಳುತ್ತೇನೆ. ನಾವಿಬ್ಬರೇ ಹೋದರೆ ಬಟ್ಟೆಯ ಟಾಪಿನದು, ಅದೂ ಮಳೆಗಾಲ ಮುಗಿದ ಮೇಲೆ.