ಒಂಬತ್ತರ ಮಗ್ಗಿಗೆ ಕ್ಲಾಸು ನಕ್ಕಾಗ

ನಾನು ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಗಣಿತದಲ್ಲಿ ಒಂಬತ್ತನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ಬೋರ್ಡಿನ ಮೇಲೆ ಅದನ್ನು ಬರೆದ ತಕ್ಷಣ ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗು ಬರುತ್ತದೆ. ನಾಲ್ಕೈದು ತಲೆಗಳು ಒಬ್ಬನೇ ಹುಡುಗನ ಕಡೆ ತಿರುಗುತ್ತವೆ. ಅವನು ಪುಸ್ತಕದೊಳಗೆ ಮುಖ ಹುದುಗಿಸುತ್ತಾನೆ. ನಡಿಗೆ ಮೆತ್ತಗಿದೆ, ಕೈಯಾಡಿಸಿಕೊಂಡು ಮಾತಾಡುತ್ತಾನೆ, ಅಷ್ಟೇ ಅವನು ಮಾಡಿದ ತಪ್ಪು. ಗಂಡಸಲ್ಲ, ಹೆಣ್ಣಿಗ ಅಂತ ಹೀಯಾಳಿಸಲು ನಮ್ಮ ಕಡೆ ಒಬ್ಬರನ್ನು ಒಂಬತ್ತು ಅಂತ ಕರೆಯುತ್ತಾರೆ, ನಿಮಗೂ ಗೊತ್ತು, ಅಲ್ವಾ?

ಮೊದಲು ಆ ನಗುವನ್ನು ಅಲ್ಲೇ ನಿಲ್ಲಿಸಬೇಕು. ಕೇಳಿಸದವರ ಹಾಗೆ ಪಾಠ ಮುಂದುವರಿಸಿದರೆ ಮಿಸ್‌ಗೂ ಇದು ಒಪ್ಪಿಗೆ ಅಂತ ಇಡೀ ಕ್ಲಾಸಿಗೆ ಅರ್ಥವಾಗುತ್ತದೆ. ನಾನು ಚಾಕ್‌ಪೀಸ್ ಕೆಳಗಿಟ್ಟು, ದನಿ ಏರಿಸದೆ, ಇಷ್ಟೇ ಹೇಳುತ್ತೇನೆ: "ಒಬ್ಬರ ನಡಿಗೆ, ದನಿ ನೋಡಿ ಹೆಸರಿಡೋದು ನನ್ನ ಕ್ಲಾಸಲ್ಲಿ ನಡೆಯಲ್ಲ. ಮುಂದಿನ ಲೆಕ್ಕ ನೋಡಿ." ಹಾಗೆ ಹೇಳುವಾಗ ಆ ಹುಡುಗನ ಕಡೆ ಕಣ್ಣು ಹೋಗಬಾರದು. "ಪಾಪ, ಅವನನ್ನ ಯಾಕೆ ಗೋಳುಹೊಯ್ಕೊಳ್ತೀರಾ" ಅಂದರೆ ಅವನಿಗೆ ಆ ಹೆಸರನ್ನು ನಾವೇ ಅಂಟಿಸಿದ ಹಾಗೆ. ನಕ್ಕವನನ್ನು ಆಮೇಲೆ ಒಬ್ಬನನ್ನೇ ಕರೆದು ಮಾತಾಡಿ. ಹೊಡೆಯಬೇಡಿ. ನಮ್ಮಿಂದ ಏಟು ತಿಂದವನು ಆ ಸಿಟ್ಟನ್ನು ಸಂಜೆ ಬಸ್ ಸ್ಟಾಪಿನಲ್ಲಿ ಅದೇ ಹುಡುಗನ ಮೇಲೆ ತೀರಿಸಿಕೊಳ್ಳುತ್ತಾನೆ. ಇಬ್ಬರನ್ನೂ ಎದುರುಬದುರು ನಿಲ್ಲಿಸಿ ರಾಜಿ ಮಾಡಿಸುವುದೂ ಬೇಡ. ಇದು ಇಬ್ಬರ ಜಗಳವಲ್ಲ, ಒಬ್ಬನ ಮೇಲೆ ಹತ್ತು ಜನ ಬಿದ್ದಿರುವುದು.

ಕ್ಲಾಸಿನೊಳಗೆ ನಡೆಯುವುದು ಕಣ್ಣಿಗೆ ಬೀಳುತ್ತದೆ. ಹೊರಗಿನದು ಬೀಳುವುದಿಲ್ಲ. ಅದಕ್ಕೆ ನಾನು ಒಂದು ಉಪಾಯ ಮಾಡುತ್ತೇನೆ. ಎಂಟನೇ ಕ್ಲಾಸಿನ ಮಕ್ಕಳಿಗೆಲ್ಲ ಒಂದೊಂದು ಹಾಳೆ ಕೊಟ್ಟು ಶಾಲೆಯ ನಕ್ಷೆ ಬರೆಯಲು ಹೇಳುತ್ತೇನೆ. ಹೋಗೋಕೆ ಭಯ ಆಗುವ ಕಡೆ ಕೆಂಪು ಪೆನ್ನಲ್ಲಿ ಗುರುತು ಹಾಕಬೇಕು, ಹೆಸರು ಬರೆಯಬಾರದು. ಮೊದಲ ಸಲ ಹಾಳೆಗಳನ್ನು ಮನೆಗೆ ತಂದು ಒಂದರ ಪಕ್ಕ ಒಂದು ಹರಡಿ ನೋಡಿದೆ. ಹುಡುಗರ ಟಾಯ್ಲೆಟ್ಟು, ನೀರಿನ ಟ್ಯಾಂಕಿನ ಹಿಂಬದಿ, ಬಿಸಿಯೂಟದ ಸಾಲಿನ ಕೊನೆ. ಹಾಳೆ ಹಾಳೆಯಲ್ಲೂ ಅವೇ ಜಾಗ. ಅಲ್ಲಿಯವರೆಗೆ ಆ ಟ್ಯಾಂಕಿನ ಹಿಂದೆ ನಾನು ಒಂದು ದಿನವೂ ಹೋಗಿರಲಿಲ್ಲ. ಈಗ ಊಟದ ಬಿಡುವಿನಲ್ಲಿ ನಾವು ಮೂವರು ಸರದಿ ಮೇಲೆ ಹತ್ತು ನಿಮಿಷ ಅಲ್ಲೆಲ್ಲ ಓಡಾಡುತ್ತೇವೆ. ಬೈಯುವುದಿಲ್ಲ, ಸುಮ್ನೆ ಅಲ್ಲಿರುತ್ತೇವೆ.

ಟಾಯ್ಲೆಟ್ಟಿನ ವಿಷಯಕ್ಕೆ ಇನ್ನೂ ಸ್ವಲ್ಪ ಗಮನ ಕೊಡಿ. ಬಾಟಲಿಯ ನೀರು ಸಂಜೆಯವರೆಗೂ ಹಾಗೇ ಇದ್ದರೆ, ಆ ಮಗು ಅಲ್ಲಿಗೆ ಹೋಗಬೇಕಾಗುತ್ತದೆ ಅಂತ ನೀರೇ ಕುಡಿಯದೆ ಕೂತಿರಬಹುದು. ಪ್ಯಾಂಟು ಎಳೆದು "ತೋರಿಸು" ಅನ್ನುವವರು ಅಲ್ಲಿರುತ್ತಾರೆ. ಬೆಲ್ಲಿಗೆ ಐದು ನಿಮಿಷ ಮುಂಚೆ ಕಳಿಸಿ, ಇಲ್ಲವೇ ಸ್ಟಾಫ್ ಟಾಯ್ಲೆಟ್ ಬೀಗದ ಕೈ ಕೊಡಿ. ಹುಷಾರಿಲ್ಲದ ಯಾವ ಮಗುವಾದರೂ ಅದನ್ನು ಬಳಸಬಹುದು ಅಂತ ನಿಯಮ ಮಾಡಿ. ಆಗ ಇವನೊಬ್ಬನೇ ಎದ್ದು ಕಾಣುವುದಿಲ್ಲ.

ಹುಡುಗಿಯರಿಗೆ ಆಗುವ ಹಿಂಸೆಗೆ ಸದ್ದಿಲ್ಲ. ಕೂದಲು ಗಿಡ್ಡ ಮಾಡಿಸಿಕೊಂಡವಳಿಗೆ ಗಂಡುಬೀರಿ ಅಂತಾರೆ. ಇಬ್ಬರು ಸದಾ ಜೊತೆಗಿದ್ದರೆ ಗೋಡೆ ಮೇಲೆ ಹೆಸರು ಬರೆಯುತ್ತಾರೆ. ಪಕ್ಕದಲ್ಲಿ ಯಾರೂ ಊಟಕ್ಕೆ ಕೂರುವುದಿಲ್ಲ. ಮನೆಗೆ ಸುದ್ದಿ ಹೋದರೆ "ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತೆ" ಅನ್ನುವ ಮಾತು ಬರುತ್ತದೆ. ಹತ್ತನೇ ಕ್ಲಾಸಿನ ಹುಡುಗಿಗೆ ಗಂಡು ನೋಡುತ್ತಿದ್ದಾರೆ ಅಂತ ಗೊತ್ತಾದರೆ ತಡಮಾಡದೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಒಂದು ವೇಳೆ ಮಗು ತಾನಾಗಿ ಬಂದು ಹೇಳಿಕೊಂಡರೆ? ಇಲ್ಲಿ ನಾನು ದೊಡ್ಡ ತಪ್ಪು ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು, ಬೇರೊಂದು ಶಾಲೆ. ಒಂಬತ್ತನೇ ಕ್ಲಾಸಿನ ಹುಡುಗ ಸಂಜೆ ಎಲ್ಲರೂ ಹೋದ ಮೇಲೆ ಬಂದು, "ಮಿಸ್, ನಂಗೆ ಹುಡುಗೀರು ಇಷ್ಟ ಆಗಲ್ಲ" ಅಂದ. ಒಳ್ಳೆಯದಾಗಲಿ ಅಂತಲೇ ಅವನ ಅಪ್ಪನನ್ನು ಕರೆಸಿ ಹೇಳಿಬಿಟ್ಟೆ. ಮರುದಿನ ಹುಡುಗ ಬರಲಿಲ್ಲ. ವಾರ ಬಿಟ್ಟು ಬಂದಾಗ ಮೊಣಕೈ ಊದಿತ್ತು. ನನ್ನ ಮುಖ ನೋಡಲಿಲ್ಲ. ಪರೀಕ್ಷೆಗೆ ಮುಂಚೆ ಶಾಲೆ ಬಿಟ್ಟ. ಅವನು ನಂಬಿ ಕೊಟ್ಟ ಮಾತನ್ನು ಇನ್ನೊಬ್ಬರಿಗೆ ಕೊಡಲು ನನಗೆ ಹಕ್ಕಿರಲಿಲ್ಲ.

ಈಗ ನಾನು ಹೇಳುವುದು ಇದು: "ಹೇಳಿದ್ದು ಒಳ್ಳೇದಾಯ್ತು. ನಿನ್ನಲ್ಲಿ ಏನೂ ಕೆಟ್ಟಿಲ್ಲ. ಇದು ಯಾರಿಗೆ ಗೊತ್ತಾಗಬಹುದು, ಯಾರಿಗೆ ಬೇಡ, ನೀನೇ ಹೇಳು." ಕೆದಕಿ ಪ್ರಶ್ನೆ ಕೇಳುವುದಿಲ್ಲ. "ವಯಸ್ಸಿನ ಹುಚ್ಚು, ಹೋಗುತ್ತೆ" ಅನ್ನುವುದಿಲ್ಲ. ಆದರೆ ಯಾರಾದರೂ ಮೈಮುಟ್ಟಿ ಲೈಂಗಿಕ ಹಿಂಸೆ ಕೊಟ್ಟಿದ್ದರೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆ ಪ್ರಕಾರ ದೂರು ಕೊಡಲೇಬೇಕು. ಪ್ರಾಣಕ್ಕೆ ಅಪಾಯ ಇದ್ದರೂ ಗುಟ್ಟು ಕಾಯುವ ಹಾಗಿಲ್ಲ. ಇದನ್ನೂ ಮಗುವಿಗೆ ಮೊದಲೇ ತಿಳಿಸುತ್ತೇನೆ. ಅಪ್ಪ ಅಮ್ಮನ ಹತ್ತಿರ ಮಾತಾಡಬೇಕಾದಾಗ ಹೊಡೆತದ ಬಗ್ಗೆ, ಬೈಗುಳದ ಬಗ್ಗೆ ಮಾತ್ರ ಹೇಳುತ್ತೇನೆ. ಮಗು ಏನು ಅನ್ನುವುದನ್ನು ಹೇಳುವುದಿಲ್ಲ.

ಕೆಲವು ಮನೆಗಳಲ್ಲಿ ಅದು ಮೊದಲೇ ಗೊತ್ತಿರುತ್ತದೆ. ಎಲ್ಲಿಗಾದರೂ ಕರೆದುಕೊಂಡು ಹೋಗಿ "ಸರಿಮಾಡಿಸೋಣ" ಅಂತ ಕೇಳುತ್ತಾರೆ. ಸಲಿಂಗ ಪ್ರೀತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. ಇದನ್ನು ಬದಲಾಯಿಸುತ್ತೇನೆ ಅಂತ ಚಿಕಿತ್ಸೆ ಕೊಡುವ ವೈದ್ಯರದು ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಇಷ್ಟನ್ನು ಮೆತ್ತಗೆ ಹೇಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದುಕೊಡುತ್ತೇನೆ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಮಕ್ಕಳಿಗಿಂತ ಕಷ್ಟ ಸ್ಟಾಫ್ ರೂಮು. ಅಲ್ಲಿ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ನಮ್ಮೂರುಗಳ ಕುರುಕ್ಷೇತ್ರ ನಾಟಕ. ಹಿಂದೆಲ್ಲ ದ್ರೌಪದಿ ಪಾತ್ರ ಗಂಡಸರೇ ಮಾಡುತ್ತಿದ್ದರು. ಸೀರೆಯುಟ್ಟು ಚೆನ್ನಾಗಿ ಹಾಡಿದವನಿಗೆ ಊರೇ ಕೂತು ಶಿಳ್ಳೆ ಹಾಕುತ್ತಿತ್ತು. ಹಾಗಿದ್ದರೆ ಕೋಲಾಟದಲ್ಲಿ ಹುಡುಗಿಯರ ಸಾಲಿಗೆ ಸೇರಿಕೊಳ್ಳುತ್ತೇನೆ ಅನ್ನುವ ಹುಡುಗನನ್ನು ನಾವು ಯಾಕೆ ತಡೆಯಬೇಕು ಅಂತ ಕೇಳಿದೆ. ಪ್ರಾರ್ಥನೆಯ ಹೊತ್ತಿನಲ್ಲಿ, ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುತ್ತಿರುವ ಟ್ರಾನ್ಸ್‌ಜೆಂಡರ್ ಕಲಾವಿದೆ ಮಂಜಮ್ಮ ಜೋಗತಿಯವರ ಬಗ್ಗೆಯೂ ಓದಿಸಿದೆ. ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದವರು, 2021ರಲ್ಲಿ ಪದ್ಮಶ್ರೀ ಪಡೆದವರು. ಮಾತಿಗೆ ಬಗ್ಗದವರಿಗೆ ಕಾನೂನು ತೋರಿಸಿ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆ ಕಾಯ್ದೆಯ ಪ್ರಕಾರ ಶಾಲೆಗಳು ತಾರತಮ್ಯ ಮಾಡುವಂತಿಲ್ಲ, ಆಟದಲ್ಲೂ. ಪ್ರತಿ ಸಂಸ್ಥೆಯಲ್ಲೂ ದೂರು ಕೇಳಲು ಒಬ್ಬರನ್ನು ನೇಮಿಸಬೇಕು.

ದೂರು ಕೊಡುವ ಹೊತ್ತಿಗೆ ಕೈಯಲ್ಲಿ ಬರಹ ಇರಲಿ. ತಾರೀಕು, ಜಾಗ, ಆಡಿದ ಮಾತು, ನೋಡಿದವರು. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೋ ಹರಿದಾಡಿದ್ದರೆ ಅಳಿಸುವ ಮುಂಚೆ ಸ್ಕ್ರೀನ್‌ಶಾಟ್. ಹೆಡ್‌ಮಾಸ್ಟರಿಗೆ ಕೊಟ್ಟ ಅರ್ಜಿಯ ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಅಲ್ಲಿ ಆಗದಿದ್ದರೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ ಆಫೀಸು.

ಈ ವರ್ಷ ನನ್ನ ಹುಡುಗನೊಬ್ಬ ಪಿಯುಸಿಗೆ ಮಂಡ್ಯಕ್ಕೆ ಹೋಗುತ್ತಿದ್ದಾನೆ. ಅಡ್ಮಿಷನ್‌ಗೆ ಮುಂಚೆ ಅವನೂ ನಾನೂ ಹೋಗಿ ಎರಡು ಕಾಲೇಜು ನೋಡಿ ಬಂದೆವು. ಟಾಯ್ಲೆಟ್ ಎಲ್ಲಿದೆ, ಬಾಗಿಲಿಗೆ ಚಿಲಕ ಇದೆಯಾ, ಸಂಜೆ ಬಸ್ಸು ಎಷ್ಟು ಹೊತ್ತಿಗೆ, ಸ್ಟಾಪಿನಲ್ಲಿ ಅಂಗಡಿ ತೆರೆದಿರುತ್ತದಾ. ಲ್ಯಾಬ್ ಯಾವುದು ಚೆನ್ನಾಗಿದೆ ಅಂತ ಆಮೇಲೆ ನೋಡಿದೆವು. ಎರಡನೆಯದನ್ನು ಆರಿಸಿಕೊಂಡ. ಅಲ್ಲಿಯ ಲೆಕ್ಚರರಿಗೆ ಏನಾದರೂ ಹೇಳಲಾ ಅಂತ ಕೇಳಿದೆ. "ಬೇಡ ಮಿಸ್, ಮೊದಲು ನಾನೇ ನೋಡ್ತೀನಿ" ಅಂದ. ನನ್ನ ನಂಬರ್ ಅವನ ಹತ್ತಿರ ಇದೆ.