ಪಿನ್ ಕ್ಲಚ್ ಪ್ರೆಸ್‌ಗೆ ಗಾರ್ಡ್ ಹಾಕಿದೆ, ಪ್ರೊಡಕ್ಷನ್ ಬೀಳಲಿಲ್ಲ: ನನ್ನ ಅನುಭವ

ಬೆಂಗಳೂರಿನ ಪೀಣ್ಯದಲ್ಲಿ ಪ್ರೆಸ್ ಶಾಪ್ (ತಗಡು ಕತ್ತರಿಸಿ ಬಗ್ಗಿಸುವ ಮೆಷಿನ್‌ಗಳ ವರ್ಕ್‌ಶಾಪ್) ನಡೆಸುವವರ ಹತ್ತಿರ ಗಾರ್ಡ್ (ಕೈ ಒಳಗೆ ಹೋಗದಂತೆ ತಡೆಯುವ ಕವಚ) ವಿಷಯ ತೆಗೆದರೆ ಸಾಕು, 'ಪ್ರೊಡಕ್ಷನ್ ಅರ್ಧಕ್ಕೆ ಬೀಳುತ್ತೆ ಬಿಡಿ' ಅನ್ನುತ್ತಾರೆ. ನನಗೂ ಅದನ್ನೇ ಹೇಳಿದರು. ಪಕ್ಕದ ಶೆಡ್‌ನವರು ಹೇಳಿದರು, ಪ್ರೆಸ್‌ಗೆ ಡೈ ಕೂರಿಸುವ ನಮ್ಮ ಸೆಟ್ಟರ್ ಹೇಳಿದರು, ನನ್ನ ಪಾರ್ಟ್ನರ್ ಅಂತೂ ದಿನಾ ಹೇಳುತ್ತಿದ್ದರು. ಈಗ ಎರಡು ವರ್ಷದ ಮೇಲಾಯಿತು. ನಮ್ಮ ಹತ್ತು ಹನ್ನೆರಡು ಪಿನ್ ಕ್ಲಚ್ ಪ್ರೆಸ್‌ಗಳಲ್ಲಿ ಯಾರ ಕೈಯೂ ಡೈ (ತಗಡಿಗೆ ಆಕಾರ ಕೊಡುವ ಅಚ್ಚು) ಒಳಗೆ ಹೋಗುವುದಿಲ್ಲ. ಹೋಗಲು ಜಾಗವೇ ಇಲ್ಲ. ಪೀಸ್ ಲೆಕ್ಕ ಮೊದಲಿಗಿಂತ ಸ್ವಲ್ಪ ಜಾಸ್ತಿಯೇ ಬರುತ್ತಿದೆ.

ಇದಕ್ಕೂ ಮುಂಚೆ ಏನೇನು ಮಾಡಿ ದುಡ್ಡು ಹೋಯಿತು ಅಂತ ಹೇಳುತ್ತೇನೆ, ನಿಮ್ಮದಾದರೂ ಉಳಿಯಲಿ.

ಬೋರ್ಡು, ಟ್ರೇನಿಂಗು, ಚಿಮಟ ಎಲ್ಲಾ ಆಯಿತು. ಪೀಸ್ ರೇಟ್ (ಪೀಸ್ ಲೆಕ್ಕದ ಕೂಲಿ) ಇರುವ ತನಕ ಚಿಮಟ ಹಿಡಿದು ಯಾರೂ ಕೆಲಸ ಮಾಡುವುದಿಲ್ಲ. ಬೆಳಗ್ಗೆ ಕೈಗೆ ಕೊಟ್ಟರೆ ಮಧ್ಯಾಹ್ನಕ್ಕೆ ಟೂಲ್ ಬಾಕ್ಸ್ ಮೇಲೆ ಬಿದ್ದಿರುತ್ತದೆ.

ಆಮೇಲೆ ಪೆಡಲ್ ಕಿತ್ತು ಎರಡು ಕೈ ಬಟನ್ ಹಾಕಿಸಿದೆ. ಎಸ್‌.ಪಿ. ರೋಡ್‌ನಲ್ಲಿ ಸಾಮಾನು ತಂದು, ಒಂದು ಏರ್ ಸಿಲಿಂಡರ್‌ನಿಂದ ಕ್ಲಚ್ ರಾಡ್ ಎಳೆಸಿದ್ದು. ಪ್ರೆಸ್ ಒಂದಕ್ಕೆ ಹದಿನೈದು ಸಾವಿರದ ಹತ್ತಿರ ಆಯಿತು. ವಾರ ಕಳೆಯುವಷ್ಟರಲ್ಲಿ ಒಂದು ಬಟನ್ ಮೇಲೆ ಸೈಕಲ್ ಟ್ಯೂಬ್ ಬಿಗಿದಿತ್ತು. ಎರಡೂ ಬಟನ್ ಅರ್ಧ ಸೆಕೆಂಡಿನೊಳಗೆ ಒಟ್ಟಿಗೆ ಒತ್ತಬೇಕು ಅನ್ನುವ ರಿಲೇ ಹಾಕಿಸಿದೆ. ಟ್ಯೂಬ್ ಆಟ ನಿಂತಿತು. ಆದರೆ ಕೂತು ಲೆಕ್ಕ ಹಾಕಿದಾಗ ಎದೆ ಝಲ್ಲೆಂದಿತು. ಪಿನ್ ಕ್ಲಚ್‌ನಲ್ಲಿ ಸುತ್ತುತ್ತಿರುವ ಫ್ಲೈವೀಲ್‌ಗೆ (ಪ್ರೆಸ್ಸಿನ ಭಾರದ ಚಕ್ರ) ಕೀ ಅನ್ನುವ ಪಿನ್ ಒಂದೇ ಕಡೆ ಕಚ್ಚುತ್ತದೆ ಅಂದರೆ, ಬಟನ್ ಒತ್ತಿದ ಮೇಲೆ ಅದು ಸಿಗಲು ಒಂದು ಪೂರ್ತಿ ಸುತ್ತು ಕಾಯಬೇಕಾಗಬಹುದು. ಆಮೇಲೆ ರಾಮ್ (ಮೇಲಿಂದ ಇಳಿದು ಒತ್ತುವ ಭಾಗ) ಕೆಳಗೆ ಬರಲು ಅರ್ಧ ಸುತ್ತು. ನಿಮಿಷಕ್ಕೆ 60 ಸ್ಟ್ರೋಕ್ ಇದ್ದರೆ ಒಂದೂವರೆ ಸೆಕೆಂಡ್. ಕೈ ಸೆಕೆಂಡಿಗೆ 1.6 ಮೀಟರ್ ಓಡುತ್ತದೆ ಅಂತ ಹಿಡಿಯುವುದು ರೂಢಿ. ಗುಣಿಸಿ ನೋಡಿ: ಬಟನ್ ಡೈಯಿಂದ 2.4 ಮೀಟರ್ ದೂರ ಇರಬೇಕು! ನಮ್ಮದು ಅರ್ಧ ಮೀಟರ್ ಕೂಡ ಇರಲಿಲ್ಲ. ಸಾಲದ್ದಕ್ಕೆ ಕೀ ಸ್ಪ್ರಿಂಗ್ ಸವೆದು ಡಬಲ್ ಸ್ಟ್ರೋಕ್ (ಒತ್ತದೆಯೇ ರಾಮ್ ಎರಡನೇ ಸಲ) ಬಿದ್ದರೆ ಬಟನ್ ಏನೂ ಮಾಡಲಾರದು. ಪಕ್ಕದಲ್ಲಿ ನಿಂತ ಹೆಲ್ಪರ್ ಕೈಗಂತೂ ಅದು ಲೆಕ್ಕಕ್ಕೇ ಇಲ್ಲ.

ಲೈಟ್ ಕರ್ಟನ್ (ಬೆಳಕಿನ ಕಿರಣಗಳ ಪರದೆ) ಮಾರುವವರೂ ಬಂದರು. ಕೈ ಅಡ್ಡ ಬಂದರೆ ಪ್ರೆಸ್ ನಿಲ್ಲುತ್ತದೆ ಅಂದರು. ಪಿನ್ ಕ್ಲಚ್ ಒಮ್ಮೆ ಕಚ್ಚಿದರೆ ಸುತ್ತು ಮುಗಿಸದೆ ನಿಲ್ಲುವುದೇ ಇಲ್ಲ, ಇನ್ನು ಕರ್ಟನ್ ಕಟ್ಟಿಕೊಂಡು ಏನು ಮಾಡೋದು? ಸುತ್ತಿನ ನಡುವೆಯೂ ನಿಲ್ಲಿಸಬಹುದಾದ ಫ್ರಿಕ್ಷನ್ ಕ್ಲಚ್‌ಗೆ ಬದಲಾಯಿಸಲು ಕೇಳಿದ ರೇಟು ಎರಡೂವರೆ ಲಕ್ಷದ ಮೇಲೆ. ಅಷ್ಟರಲ್ಲಿ ಇನ್ನೊಂದು ಹಳೇ ಪ್ರೆಸ್ಸೇ ಬರುತ್ತದೆ.

ಕೊನೆಗೆ ಹಿಡಿದ ದಾರಿ ಹಳೆಯದೇ. ಮುಚ್ಚಿದ ಗಾರ್ಡ್. ಆದರೆ ನಾನು ಅದನ್ನು ಮೆಷಿನ್‌ಗೆ ಹಾಕಲಿಲ್ಲ, ಡೈಗೇ ಬೋಲ್ಟ್ ಮಾಡಿಸಿದೆ. ಡೈ ರ‍್ಯಾಕ್‌ಗೆ ಹೋದರೆ ಗಾರ್ಡ್ ಜೊತೆಗೇ ಹೋಗುತ್ತದೆ, ಬಂದರೆ ಜೊತೆಗೇ ಬರುತ್ತದೆ. 'ಸಾರ್, ಗಾರ್ಡ್ ಹಾಕೋಕೆ ಟೈಮ್ ಇರ್ಲಿಲ್ಲ' ಅನ್ನುವ ಮಾತು ಅಲ್ಲಿಗೆ ಮುಗಿಯಿತು.

ಮೊದಲ ಗಾರ್ಡ್‌ಗಳನ್ನು ಜಾಲರಿಯಲ್ಲಿ ಮಾಡಿಸಿದ್ದು. ಒಳಗೆ ಏನೂ ಕಾಣಿಸದೆ ಆಪರೇಟರ್‌ಗಳು ಬಗ್ಗಿ ಬಗ್ಗಿ ನೋಡುತ್ತಿದ್ದರು. ಪಾರದರ್ಶಕ ಪಾಲಿಕಾರ್ಬೊನೇಟ್ ಹಾಳೆ ಹಾಕಿದೆ. ಆಯಿಲ್ ಮತ್ತು ಸೀಮೆಎಣ್ಣೆ ಬಿದ್ದು ನಾಲ್ಕೈದು ತಿಂಗಳಲ್ಲಿ ಬೆಳ್ಳಗಾಗಿ ಬಿರುಕು ಬಿಟ್ಟಿತು. ಕೆಲಸ ಮಾಡಿದ್ದು ಎಂ.ಎಸ್. (ಸಾದಾ ಉಕ್ಕಿನ) ರಾಡ್. ನೆಟ್ಟಗೆ ನಿಲ್ಲಿಸಿ, ನಡುವೆ 6 ಮಿ.ಮೀ. ಗ್ಯಾಪ್ ಬಿಟ್ಟು ವೆಲ್ಡ್ ಮಾಡಿ, ಹೊಳಪಿಲ್ಲದ ಕಪ್ಪು ಬಣ್ಣ ಬಳಿಸಿದೆ. ಒಳಗಡೆ ಒಂದು ಎಲ್‌ಇಡಿ ಸ್ಟ್ರಿಪ್. ಕಪ್ಪು ಬಣ್ಣ ಮರೀಬೇಡಿ. ಬಿಳಿ ಅಥವಾ ಹಳದಿ ಬಳಿದರೆ ಕಣ್ಣು ರಾಡ್ ಮೇಲೇ ನಿಲ್ಲುತ್ತದೆ, ಕಪ್ಪಾದರೆ ಅದರಾಚೆ ಇರುವ ಡೈ ಚೆನ್ನಾಗಿ ಕಾಣುತ್ತದೆ.

ಉದ್ದನೆಯ ತಗಡಿನ ಸ್ಟ್ರಿಪ್ ಓಡಿಸುವ ಡೈಗಳು ಸುಲಭ, ಒಂದು ಸೀಳು ಬಿಟ್ಟರೆ ಆಯಿತು. ಕಷ್ಟ ಕೊಟ್ಟಿದ್ದು ಎರಡನೇ ಆಪರೇಷನ್, ಬ್ಲಾಂಕ್ (ಮೊದಲೇ ಕತ್ತರಿಸಿದ ತಗಡಿನ ತುಂಡು) ಇಟ್ಟು ಬೆಂಡ್ ಮಾಡುವ ಕೆಲಸ. ಅದಕ್ಕೆ ಇಳಿಜಾರಿನ ಚ್ಯೂಟ್ ಮಾಡಿಸಿದೆ. ಮೇಲಿಂದ ಬ್ಲಾಂಕ್ ಬಿಟ್ಟರೆ ಜಾರಿ ಡೈ ಮೇಲೆ ಅದರ ಜಾಗ ಗುರುತಿಸುವ ಲೊಕೇಟರ್‌ಗೆ ಹೋಗಿ ಕೂರಬೇಕು. 30 ಡಿಗ್ರಿಯಲ್ಲಿ ಆಯಿಲ್ ಬ್ಲಾಂಕ್ ಅಲ್ಲೇ ಅಂಟಿಕೊಂಡಿತು, 45ಕ್ಕೆ ಏರಿಸಿದರೆ ಪುಟಿದು ಆಚೆ ಬಿತ್ತು. ಕೊನೆಗೆ ಎಲ್ಲಿ ನಿಲ್ಲಿಸಿದೆ, ಆಯಿಲ್ ಬ್ಲಾಂಕ್ ಎರಡೆರಡು ಅಂಟದ ಹಾಗೆ ಚ್ಯೂಟ್ ತಳಕ್ಕೆ ಏನು ಮಾಡಿದೆ ಅನ್ನೋದನ್ನು ಮಾತ್ರ ಬರೆಯುವುದಿಲ್ಲ. ಅದಕ್ಕೆ ನಾನು ಮೂರು ತಿಂಗಳ ಭಾನುವಾರಗಳನ್ನು ಕೊಟ್ಟಿದ್ದೇನೆ.

ಪೀಸ್ ಹೊರಗೆ ಬರಲು ಏರ್ ಬ್ಲಾಸ್ಟ್ ಇಟ್ಟೆ. ಅದರಿಂದ ಇನ್ನೊಂದು ತಲೆನೋವು: ಶಬ್ದ. ಫೋನ್ ಆ್ಯಪ್‌ನಲ್ಲಿ 98 ಡೆಸಿಬೆಲ್ ಹತ್ತಿರ ತೋರಿಸಿತು. ಎಂಟು ಗಂಟೆ ಶಿಫ್ಟಿಗೆ 90 ಅನ್ನೋದು ನಮ್ಮಲ್ಲಿ ಹಳೇ ಮಿತಿ. ಬರೀ ಪೈಪ್ ತುದಿಯ ಬದಲು ಸಣ್ಣ ಸಣ್ಣ ತೂತಿನ ನಾಝಲ್ ಹಾಕಿ, 6 ಬಾರ್ ಇದ್ದದ್ದನ್ನು 3ಕ್ಕೆ ಇಳಿಸಿದೆ. 91, 92ಕ್ಕೆ ಬಂತು. ಆ್ಯಪ್ ನಂಬಿ ಸರ್ಟಿಫಿಕೇಟ್ ಬರೆಯೋಕಾಗಲ್ಲ, ಹಿಂದೆ ಮುಂದೆ ಹೋಲಿಸೋಕೆ ಸಾಕು. ಕಿವಿಗೆ ಪ್ಲಗ್ ಈಗಲೂ ಕಡ್ಡಾಯ. ಜೊತೆಗೆ ಕಂಪ್ರೆಸರ್ ಕರೆಂಟ್ ಬಿಲ್ಲೂ ಇಳಿಯಿತು.

ಈಗ ಪ್ರೊಡಕ್ಷನ್ ಮಾತು. ಒಂದು ಬೆಂಡಿಂಗ್ ಜಾಬ್ ಗಂಟೆಗೆ 500ರ ಆಸುಪಾಸು ಬರುತ್ತಿತ್ತು. ಗಾರ್ಡ್ ಹಾಕಿದ ಮೊದಲ ವಾರ 350. ಪಾರ್ಟ್ನರ್ 'ನೋಡ್ದ್ಯಾ?' ಅಂದರು. ಆಗಲೇ ನಾನು ಪೀಸ್ ರೇಟ್ ನಿಲ್ಲಿಸಿ, ಎಲ್ಲರಿಗೂ ಹಿಂದಿನ ಮೂರು ತಿಂಗಳ ಸರಾಸರಿ ಕೂಲಿ ಕೊಟ್ಟೆ. ಆ ತಿಂಗಳು ನಲವತ್ತು ಸಾವಿರ ಕೈಯಿಂದ ಹೋಯಿತು. ಆ ದುಡ್ಡು ಹಾಕದಿದ್ದರೆ ರಾತ್ರಿ ಶಿಫ್ಟಿನಲ್ಲೇ ಗಾರ್ಡ್ ಗುಜರಿಗೆ ಹೋಗುತ್ತಿತ್ತು. ಎರಡನೇ ತಿಂಗಳು 500 ದಾಟಿತು, ಈಗ 560 ಹತ್ತಿರ. ಕಾರಣ ಸರಳ. ಮೊದಲು ಪ್ರತಿ ಸ್ಟ್ರೋಕಿಗೂ ಕೈ ಒಳಗೆ ಹೋಗಿ ಬರಬೇಕಿತ್ತು, ಜೀವ ಕೈಯಲ್ಲಿ ಹಿಡಿದು. ಈಗ ಚ್ಯೂಟ್‌ಗೆ ಬಿಡೋದು, ಒತ್ತೋದು. ಹದಿನೈದು ವರ್ಷದಿಂದ ಪ್ರೆಸ್ ಮೇಲಿರುವ ನಮ್ಮ ಹಾವೇರಿ ಕಡೆಯ ಆಪರೇಟರ್ ಒಬ್ಬರು 'ಸಾಹೇಬ್ರ, ಈಗ ಸಂಜೀಗೆ ಭುಜ ನೋಯಂಗಿಲ್ರೀ' ಅಂದರು. ಅದನ್ನು ನಾನೂ ಊಹಿಸಿರಲಿಲ್ಲ.

ಖರ್ಚು? ಡೈ ಒಂದಕ್ಕೆ ಎರಡೂವರೆಯಿಂದ ನಾಲ್ಕೂವರೆ ಸಾವಿರ. ಅರವತ್ತು ಚಿಲ್ಲರೆ ಡೈಗೆ ಎಲ್ಲಾ ಸೇರಿ ಎರಡು ಲಕ್ಷ ದಾಟಿತು. ಆಡಿಟ್‌ಗೆ ಬಂದ ಕಸ್ಟಮರ್ ಫೋಟೋ ಹೊಡೆದುಕೊಂಡು ಹೋದರು, ಅವರ ಬೇರೆ ಸಪ್ಲೈಯರ್‌ಗಳಿಗೆ ತೋರಿಸಲು.

ಡೈ ಸೆಟ್ ಮಾಡುವಾಗ ಗಾರ್ಡ್ ಬಿಚ್ಚಬೇಕಲ್ವಾ? ಮೋಟಾರ್ ಆಫ್ ಮಾಡಿದರೂ ಫ್ಲೈವೀಲ್ ಸುತ್ತುತ್ತಲೇ ಇರುತ್ತದೆ. ಅದು ನಿಂತ ಮೇಲೆ ರಾಮ್ ಕೆಳಗೆ ಉಕ್ಕಿನ ಊರುಗೋಲು ಕೊಡುವುದು ನಮ್ಮ ಪದ್ಧತಿ. ಆ ಊರುಗೋಲನ್ನು ಮೋಟಾರ್ ಪ್ಲಗ್‌ಗೆ ಗಿಡ್ಡ ಸರಪಳಿಯಲ್ಲಿ ಕಟ್ಟಿಸಿದ್ದೇನೆ. ಪ್ಲಗ್ ಕೀಳದೆ ಅದು ಡೈ ತನಕ ಬರುವುದೇ ಇಲ್ಲ.

ಬೆಳಗ್ಗೆ ಪ್ರೆಸ್ ಶುರುವಾಗುವ ಮುಂಚೆ ಆರೂವರೆ ಮಿ.ಮೀ. ರಾಡ್ ಒಂದನ್ನು ಗಾರ್ಡ್‌ನ ಗ್ಯಾಪ್‌ಗಳಿಗೆಲ್ಲಾ ತೂರಿಸಿ ನೋಡುತ್ತಾರೆ. ಎಲ್ಲಾದರೂ ಹೋದರೆ ಆ ಡೈ ಇಳಿಸಬೇಕು. ಈ ಕೆಲಸ ಸೆಟ್ಟರ್‌ಗೆ ಕೊಟ್ಟಿಲ್ಲ, ಡೆಲಿವರಿ ಒತ್ತಡ ಅವರ ತಲೆ ಮೇಲಿರುತ್ತದೆ. ಇನ್‌ಸ್ಪೆಕ್ಷನ್ ಟೇಬಲ್‌ನ ಹೆಣ್ಣುಮಕ್ಕಳಿಗೆ ಕೊಟ್ಟಿದ್ದೇನೆ.

ಉಳಿದಿರುವುದು 100 ಟನ್‌ನ ಎರಡು ಪ್ರೆಸ್. ಅವು ಫ್ರಿಕ್ಷನ್ ಕ್ಲಚ್, ಅಲ್ಲಿ ಲೈಟ್ ಕರ್ಟನ್ ನಡೆಯುತ್ತದೆ. ಬ್ರೇಕ್ ಲೈನಿಂಗ್ ಬದಲಾಯಿಸಿ, ರಾಮ್ ನಿಲ್ಲಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅಳೆಸಿದ ಮೇಲೆ ಕರ್ಟನ್ ಎಷ್ಟು ದೂರ ಅಂತ ಗೊತ್ತಾಗುತ್ತದೆ. ಕೊಟೇಶನ್ ಬಂದಿದೆ. ಆಯುಧಪೂಜೆ ಬೋನಸ್ ಮುಗಿಸಿ ಆರ್ಡರ್ ಹಾಕುತ್ತೇನೆ.